ಥೆರಪಿಸ್ಟ್ ಅಂದ್ರೆ ಗುರುನಾ? ನಮ್ಮ ಮನೆ ಗುಂಪಿನಲ್ಲಿ ಭಾನುವಾರ ನಡೆದ ವಾದ

ತುಮಕೂರಿನ ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ನಡೆದ ಚರ್ಚೆ ಇದು. ಸುಮಕ್ಕನ ಒಪ್ಪಿಗೆ ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ. ಮಧ್ಯೆ ಬಂದ ಶುಭೋದಯದ ಚಿತ್ರಗಳನ್ನು, ಛತ್ರದ ಬಾಡಿಗೆ ಮಾತನ್ನು ತೆಗೆದಿದ್ದೇನೆ. ನಾನು ಒಂದು ಕಾಲೇಜಿನಲ್ಲಿ ಆಪ್ತ ಸಮಾಲೋಚಕಿ. ದಿನಾ ಮಕ್ಕಳ ಎದುರು ಕೂತು ಮಾತು ಕೇಳುವುದೇ ನನ್ನ ಕೆಲಸ. ಹಾಗಾಗಿ ಸುಮ್ನೆ ಇರಲು ಆಗಲಿಲ್ಲ.

ದೊಡ್ಡಪ್ಪ ಬೆಳಿಗ್ಗೆ ಕಳಿಸಿದ ಫಾರ್ವರ್ಡ್ ಇದು:

"ಥೆರಪಿಸ್ಟ್ ಎಂದರೆ ಈ ಕಾಲದ ಗುರು. ಪ್ರಶ್ನೆ ಮಾಡದೆ ಅವರಿಗೆ ಶರಣಾಗಿ. ನಿಮ್ಮ ಒಳಗಿನ ಕತ್ತಲನ್ನು ಅವರು ಕಳೆಯುತ್ತಾರೆ. ಕಾರ್ಲ್ ಯೂಂಗ್ ಆರ್ಕಿಟೈಪ್ ಎಂದು ಕರೆದದ್ದು ನಮ್ಮ ಋಷಿಗಳು ಹೇಳಿದ ಗುರುತತ್ವವನ್ನೇ. ಹತ್ತು ಜನರಿಗೆ ಕಳಿಸಿ."

ದೊಡ್ಡಪ್ಪ: ಎಷ್ಟು ಚೆನ್ನಾಗಿ ಬರೆದಿದ್ದಾರೆ ನೋಡಿ. ಮನಸ್ಸಿನ ಡಾಕ್ಟರ ಹತ್ತಿರ ಹೋಗೋಕೆ ಜನ ಇನ್ನೂ ನಾಚಿಕೊಳ್ತಾರೆ. ಗುರು ಅಂದುಕೊಂಡು ಹೋದರೆ ಧೈರ್ಯ ಬರುತ್ತೆ.

ಮಧು ಅಣ್ಣ: ದೊಡ್ಡಪ್ಪ, ಬೇಜಾರು ಮಾಡ್ಕೋಬೇಡಿ. ಥೆರಪಿ ಒಂದು ವಿಜ್ಞಾನ. ಅದಕ್ಕೆ ಗುರು, ದೇವರು, ಋಷಿ ಎಲ್ಲ ಯಾಕೆ ತರಬೇಕು? ಹಲ್ಲು ನೋವು ಅಂತ ಹೋದರೆ ಡೆಂಟಿಸ್ಟ್‌ಗೆ ಶರಣಾಗ್ತೀವಾ?

ನಾನು: ಇಬ್ಬರ ಮಾತನ್ನೂ ಪೂರ್ತಿ ಒಪ್ಪಲ್ಲ. ಮಧು ಅಣ್ಣ, ಹಲ್ಲು ತೋರಿಸಿ ಬಂದಮೇಲೆ ರಾತ್ರಿ ಡೆಂಟಿಸ್ಟ್ ಕನಸಿನಲ್ಲಿ ಬರಲ್ಲ. ಥೆರಪಿಸ್ಟ್ ಬರ್ತಾರೆ. ಅಪ್ಪನ ಹಾಗೆ, ಅಮ್ಮನ ಹಾಗೆ, ಒಮ್ಮೊಮ್ಮೆ ಮನೆದೇವರ ಹಾಗೆ ಬರ್ತಾರೆ. ಸ್ವಿಟ್ಜರ್ಲೆಂಡಿನ ಮನೋವೈದ್ಯ ಯೂಂಗ್ ಆರ್ಕಿಟೈಪ್, ಅಂದ್ರೆ ಮೂಲರೂಪ, ಅಂದಿದ್ದು ಇಂಥದ್ದಕ್ಕೇ. ತಾಯಿ, ಎಲ್ಲ ಬಲ್ಲ ಮುದುಕ, ಗುಣ ಮಾಡುವವನು, ನಾವು ಬಚ್ಚಿಡುವ ನೆರಳು. ಈ ರೂಪಗಳು ಎಲ್ಲ ಊರಿನ ಕತೆಗಳಲ್ಲೂ ಇವೆ, ಎಲ್ಲರ ಮನಸ್ಸಿನ ತಳದಲ್ಲೂ ಇವೆ ಅಂತ ಅವರ ವಾದ. ಕಷ್ಟದಲ್ಲಿರುವವರು ತಮಗೆ ಗೊತ್ತಿಲ್ಲದೇ ಅದರಲ್ಲಿ ಒಂದನ್ನು ಎದುರಿಗಿರುವವರ ಮೇಲೆ ಹೊರಿಸ್ತಾರೆ.

ನಾನು: ದೊಡ್ಡಪ್ಪ, "ಪ್ರಶ್ನೆ ಮಾಡದೆ ಶರಣಾಗಿ" ಅಂತ ಯೂಂಗ್ ಹೆಸರಲ್ಲಿ ಹೇಳೋದು ಮಾತ್ರ ತಪ್ಪು. ಅವರು ಹೇಳಿದ್ದು ಇದಕ್ಕೆ ತದ್ವಿರುದ್ಧ.

ದೊಡ್ಡಪ್ಪ: ಏನು ಹೇಳಿದ್ದಾರೆ, ನೀನೇ ಹೇಳಮ್ಮ. ನಾನು ಕೇಳೋಕೆ ತಯಾರಿದ್ದೀನಿ.

ಇಲ್ಲಿಂದ ನನ್ನ ಸಂದೇಶಗಳು ಉದ್ದವಾಗಿವೆ. ಕತ್ತರಿಸಿಲ್ಲ. ಇಂಥ ಫಾರ್ವರ್ಡ್ ನಂಬಿ ಕಷ್ಟಪಟ್ಟವರನ್ನು ನೋಡಿದ್ದೇನೆ.

ನಾನು: ವೈದ್ಯ ಮೇಲೆ, ರೋಗಿ ಕೆಳಗೆ ಅನ್ನೋದನ್ನೇ ಯೂಂಗ್ ಒಪ್ಪಲಿಲ್ಲ. ಚಿಕಿತ್ಸೆಯಲ್ಲಿ ಇಬ್ಬರೂ ಬದಲಾಗ್ತಾರೆ ಅಂದ್ರು. ಬೇರೆಯವರ ಮನಸ್ಸಿಗೆ ಕೈ ಹಾಕುವವರು ಮೊದಲು ತಾವೇ ಇನ್ನೊಬ್ಬರ ಎದುರು ಕೂತು ತಮ್ಮ ಮನಸ್ಸನ್ನು ನೋಡಿಕೊಂಡಿರಬೇಕು ಅಂತ ಪಟ್ಟು ಹಿಡಿದವರಲ್ಲಿ ಅವರೇ ಮೊದಲಿಗರು. ಮನೋವಿಶ್ಲೇಷಣೆ ಶುರು ಮಾಡಿದ ಫ್ರಾಯ್ಡ್ 1912ರಲ್ಲಿ ಬರೆದ ಲೇಖನದಲ್ಲಿ ಇದರ ಶ್ರೇಯಸ್ಸನ್ನು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನವರಿಗೇ ಕೊಟ್ಟಿದ್ದಾರೆ. ಯೂಂಗ್ ಇದ್ದದ್ದು ಅಲ್ಲೇ.

ನಾನು: ಇನ್ನೊಂದು. ಗ್ರೀಕರ ಪುರಾಣದಲ್ಲಿ ಕೈರಾನ್ ಅಂತ ಒಬ್ಬ ಬರ್ತಾನೆ. ಅರ್ಧ ಕುದುರೆ, ಅರ್ಧ ಮನುಷ್ಯ. ವಿಷದ ಬಾಣ ತಗುಲಿ ಅವನ ಗಾಯ ಮಾಯೋದೇ ಇಲ್ಲ. ಆದರೂ ವೈದ್ಯದೇವತೆ ಅಸ್ಕ್ಲೀಪಿಯಸ್‌ಗೆ ವಿದ್ಯೆ ಕಲಿಸಿದವನು ಅವನೇ. ಗಾಯಗೊಂಡ ವೈದ್ಯ ಅನ್ನೋ ಮೂಲರೂಪ ಇದು. ಯೂಂಗ್ ದಾರಿಯಲ್ಲೇ ನಡೆದ ಸ್ವಿಸ್ ಮನೋವೈದ್ಯ ಗುಗೆನ್‌ಬ್ಯೂಲ್-ಕ್ರೇಗ್ 1971ರಲ್ಲಿ ಇದನ್ನು ಇನ್ನೂ ಬಿಡಿಸಿ ಬರೆದರು. ಪ್ರತಿ ವೈದ್ಯನೊಳಗೂ ಒಬ್ಬ ರೋಗಿ ಇದ್ದಾನೆ, ಪ್ರತಿ ರೋಗಿಯೊಳಗೂ ಒಬ್ಬ ವೈದ್ಯ ಇದ್ದಾನೆ. "ನನಗೆ ಗಾಯವೇ ಇಲ್ಲ, ಗಾಯ ಎಲ್ಲ ನಿನ್ನದು" ಅಂತ ವೈದ್ಯ ಅಂದುಕೊಂಡ ದಿನವೇ ರೋಗಿಯೊಳಗಿನ ವೈದ್ಯನೂ ಮಲಗಿಬಿಡ್ತಾನೆ. ಆಮೇಲೆ ಉಳಿಯೋದು ಅಧಿಕಾರ ಒಂದೇ. ಆ ಫಾರ್ವರ್ಡ್ ಹೇಳ್ತಿರೋದು ಇದನ್ನೇ ಮಾಡಿ ಅಂತ.

ಮಧು ಅಣ್ಣ: ನಿಮ್ಮ ಯೂಂಗ್ ಮಹಾಶಯರೇ ಪೇಷಂಟ್ ಜೊತೆ ಸಂಬಂಧ ಇಟ್ಕೊಂಡಿದ್ರಂತಲ್ಲ?

ನಾನು: ಸಬೀನಾ ಶ್ಪೀಲ್‌ರೈನ್. 1904ರಲ್ಲಿ ಜ್ಯೂರಿಕ್‌ನ ಆಸ್ಪತ್ರೆಗೆ ರೋಗಿಯಾಗಿ ಬಂದ ಹುಡುಗಿ. ಯೂಂಗ್ ಗೆರೆ ದಾಟಿದ್ದು ನಿಜ ಅಣ್ಣ. ಅದನ್ನು ಮುಚ್ಚಿಟ್ಟು ಮಾತಾಡಬಾರದು. ಆಕೆ ಮುಂದೆ ತಾನೇ ಮನೋವಿಶ್ಲೇಷಕಿ ಆದಳು, 1942ರಲ್ಲಿ ನಾಜಿಗಳ ಕೈಯಲ್ಲಿ ಸತ್ತಳು. ಎಷ್ಟು ಓದಿದವರೂ ಎದುರಿನವರ ಪ್ರೀತಿ, ಭಕ್ತಿ ಎಲ್ಲ ತಮಗೇ ಬಂದಿದ್ದು ಅಂದುಕೊಂಡು ಜಾರಬಹುದು. ಅದಕ್ಕೇ ಗುರು ಪಟ್ಟ ಕಟ್ಟಬೇಡಿ ಅಂತ ಇಷ್ಟು ಗಟ್ಟಿಯಾಗಿ ಹೇಳ್ತಿರೋದು.

ಚಿಕ್ಕಮ್ಮ: ನಮ್ಮ ಪಕ್ಕದ ಮನೆಯವರ ಮಗನಿಗೂ ಹಿಂಗೇ ಆಯ್ತು. ಹೀಲರ್ ಅಂತ ಹೇಳಿಕೊಳ್ಳೋ ಒಬ್ಬರು ಇದು ಪೂರ್ವಜನ್ಮದ ಕರ್ಮ, ಮಾತ್ರೆ ನಿಲ್ಲಿಸು ಅಂದ್ರಂತೆ. ಅವನು ನಿಲ್ಲಿಸಿಬಿಟ್ಟ. ಎರಡು ರಾತ್ರಿ ನಿದ್ದೆ ಇಲ್ಲದೆ ಬೀದಿ ಸುತ್ತಿದ. ಕೊನೆಗೆ ಆಸ್ಪತ್ರೆಗೆ ಸೇರಿಸಬೇಕಾಯ್ತು. ಯಾಕೆ ಕೇಳಲಿಲ್ಲ ನೀನು ಅಂದ್ರೆ "ಅವರನ್ನ ಪ್ರಶ್ನೆ ಮಾಡಬಾರದು" ಅಂದ.

ದೊಡ್ಡಪ್ಪ: ಅದು ಮೋಸಗಾರರ ವಿಷಯ. ನಾನು ಹೇಳ್ತಿರೋದು ನಿಜವಾದ ಗುರುವಿನ ವಿಷಯ. ಅರ್ಜುನ ಬಿಲ್ಲು ಕೆಳಗಿಟ್ಟು ಕುಸಿದು ಕೂತಾಗ ಎಬ್ಬಿಸಿದ್ದು ಯಾರು? ಎರಡನೇ ಅಧ್ಯಾಯದಲ್ಲಿ ಅವನೇ ಬಾಯಿಬಿಟ್ಟು "ನಾನು ನಿನ್ನ ಶಿಷ್ಯ" ಅಂತಾನೆ. ಆಮೇಲೇ ಉಪದೇಶ ಶುರುವಾಗೋದು.

ನಾನು: ಕೊನೆಗೆ ಕೃಷ್ಣ ಏನಂತಾನೆ ದೊಡ್ಡಪ್ಪ? 18ನೇ ಅಧ್ಯಾಯ, 63ನೇ ಶ್ಲೋಕ. ಎಲ್ಲವನ್ನೂ ಚೆನ್ನಾಗಿ ಯೋಚನೆ ಮಾಡು, ಆಮೇಲೆ ನಿನಗೆ ಹೇಗೆ ಅನ್ನಿಸುತ್ತೋ ಹಾಗೆ ಮಾಡು.

ದೊಡ್ಡಪ್ಪ: ಅಲ್ಲೇ ನಿಲ್ಲಬೇಡ. ಮೂರು ಶ್ಲೋಕ ಮುಂದೆ ಹೋಗು. 66. ಎಲ್ಲ ಬಿಟ್ಟು ನನ್ನೊಬ್ಬನಿಗೇ ಶರಣು ಬಾ.

ಇಷ್ಟು ಚೆಂದದ ಉತ್ತರ ಬರುತ್ತೆ ಅಂತ ನಾನು ಅಂದುಕೊಂಡಿರಲಿಲ್ಲ. ದೊಡ್ಡಪ್ಪನಿಗೆ ಗೀತೆ ಬಾಯಿಪಾಠ. ಸ್ವಲ್ಪ ಹೊತ್ತು ಯೋಚನೆ ಮಾಡಿ ಬರೆದೆ.

ನಾನು: ಆ ಮಾತು ಹೇಳಿದ್ದು ಭಗವಂತ. ಅವನಿಗೆ ಆ ಜಾಗ ಇದೆ. ಗಂಟೆಗೆ ಇಷ್ಟು ಅಂತ ಫೀಸು ತಗೊಂಡು ಎದುರಿಗೆ ಕೂತವರಿಗೆ ಆ ಜಾಗ ಇಲ್ಲ. ಯೂಂಗ್ ಕೂಡ ಈ ಅಪಾಯವನ್ನೇ ಗುರುತಿಸಿದ್ದರು. ದೇವರ ರೂಪ, ಋಷಿಯ ರೂಪ ಮನಸ್ಸಿನಲ್ಲಿ ಎದ್ದು ಬಂದಾಗ "ನಾನೇ ಅದು" ಅಂತ ಮನುಷ್ಯ ಉಬ್ಬಿಬಿಡ್ತಾನೆ ಅಂತ. ರೋಗಿ ಪೂಜೆ ಮಾಡ್ತಾ ಹೋದಂತೆ ಥೆರಪಿಸ್ಟ್ ಉಬ್ಬುತ್ತಾ ಹೋಗ್ತಾರೆ. ಕಡೆಗೆ ಇಬ್ಬರೂ ಕೆಡ್ತಾರೆ.

ನಾನು: ಆದರೆ ನಿಮ್ಮ ಕಡೆಗೂ ಗಟ್ಟಿ ವಾದ ಇದೆ. ಮನೋವೈದ್ಯ ಜಸ್ವಂತ್ ಸಿಂಗ್ ನೇಕಿ 1973ರಲ್ಲಿ ಗುರು-ಚೇಲಾ, ಅಂದ್ರೆ ಗುರು-ಶಿಷ್ಯ, ಸಂಬಂಧವನ್ನೇ ಚಿಕಿತ್ಸೆಗೆ ಮಾದರಿ ಮಾಡಿಕೊಳ್ಳಬಹುದಾ ಅಂತ ಒಂದು ಲೇಖನ ಬರೆದರು. ನಮ್ಮಲ್ಲಿ ದೊಡ್ಡವರನ್ನು ಆಶ್ರಯಿಸೋದು ಕಾಯಿಲೆ ಅಲ್ಲ, ಸಹಜ. ಪಶ್ಚಿಮದವರ ಹಾಗೆ ಥೆರಪಿಸ್ಟ್ ದೂರ ಕೂತು ಸುಮ್ಮನೆ ಇದ್ದುಬಿಟ್ಟರೆ ಇಲ್ಲಿನ ಜನ ಎದ್ದು ಹೋಗ್ತಾರೆ. ಇದನ್ನು ನಾನೂ ಕಾಲೇಜಿನಲ್ಲಿ ದಿನಾ ನೋಡ್ತೀನಿ. ಶಿರಾ, ಪಾವಗಡ, ಮಧುಗಿರಿ ಕಡೆಯಿಂದ ಬರುವ ಮಕ್ಕಳು "ಮೇಡಂ, ನೀವೇ ಹೇಳಿ ಏನು ಮಾಡ್ಲಿ" ಅಂತಲೇ ಶುರು ಮಾಡೋದು. ನಾನು ಮುಖ ತಿರುಗಿಸಲ್ಲ. ಜೊತೆಗೆ ಕೂರ್ತೀನಿ. ಆದರೆ ಅವರ ಪರವಾಗಿ ತೀರ್ಮಾನ ಮಾಡಲ್ಲ.

ಆಗ ಸುಮಕ್ಕ ಬಂದಳು. ಗುಂಪಿನಲ್ಲಿ ಹಬ್ಬದ ಶುಭಾಶಯ ಬಿಟ್ಟು ಏನೂ ಬರೆಯದವಳು.

ಸುಮಕ್ಕ: ಅಪ್ಪ ಹೋದಮೇಲೆ ನಾನು ಕೌನ್ಸೆಲಿಂಗ್‌ಗೆ ಹೋಗ್ತಿದ್ದೀನಿ. ಇಲ್ಲಿ ಯಾರಿಗೂ ಹೇಳಿರಲಿಲ್ಲ. ಅಮ್ಮನಿಗೂ.

ಸುಮಕ್ಕ: ಅಪ್ಪನ ಸೈಟು ಮಾರಬೇಕಾ ಬೇಡವಾ ಅಂತ ಮನೇಲಿ ಜಗಳ ಆಗ್ತಿತ್ತಲ್ಲ, ಆಗ ನಾನು ಪ್ರತಿ ಸಲ ಆ ಮೇಡಂ ಹತ್ತಿರ ಕೇಳ್ತಿದ್ದೆ. ಮಾರ್ಲಾ, ಬೇಡ್ವಾ? ದೇವಸ್ಥಾನದಲ್ಲಿ ಹೂವಿನ ಅಪ್ಪಣೆ ಕೇಳ್ತೀವಲ್ಲ, ಬಲಗಡೆ ಬಿದ್ರೆ ಹೂಂ, ಎಡಗಡೆ ಬಿದ್ರೆ ಬೇಡ, ಹಾಗೆ. ಅವರು ಹೇಳಲೇ ಇಲ್ಲ. ನನಗೆ ತುಂಬಾ ಸಿಟ್ಟು ಬರ್ತಿತ್ತು. ದುಡ್ಡು ಕೊಟ್ಟು ಬರೋದು ಯಾಕೆ ಅನ್ನಿಸ್ತಿತ್ತು.

ಸುಮಕ್ಕ: ಯುಗಾದಿ ಆದ ಮಾರನೇ ದಿನ ಒಂದು ತಟ್ಟೆಯಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ, ಎರಡು ಬಾಳೆಹಣ್ಣು ಇಟ್ಕೊಂಡು ಹೋದೆ. ಒಂದು ಕವರೂ ಇಟ್ಟಿದ್ದೆ. ಒಳಗೆ ಹೋದವಳೇ ಕಾಲಿಗೆ ಬೀಳೋಕೆ ಬಗ್ಗಿದೆ. ಅವರು ಹಿಂದೆ ಸರಿಯಲಿಲ್ಲ, ಆಶೀರ್ವಾದಾನೂ ಮಾಡಲಿಲ್ಲ. ನನ್ನ ಜೊತೆ ಅವರೂ ಬಗ್ಗಿ ಕೈ ಹಿಡ್ಕೊಂಡು ಕೂರಿಸಿದ್ರು. ತಟ್ಟೇನ ನಮ್ಮಿಬ್ಬರ ಮಧ್ಯೆ ಟೀಪಾಯ್ ಮೇಲೆ ಇಟ್ಟರು. "ಇದನ್ನ ಮನೇಲಿ ಜೋಡಿಸುವಾಗ ಯಾರು ನೆನಪಾದ್ರು?" ಅಂದ್ರು.

ಸುಮಕ್ಕ: ಪ್ರತಿ ಯುಗಾದಿಗೂ ನಾನು ಅಪ್ಪನಿಗೆ ಹೀಗೇ ತಟ್ಟೆ ಕೊಟ್ಟು ನಮಸ್ಕಾರ ಮಾಡ್ತಿದ್ದೆ. ಆ ವರ್ಷ ಮಾಡಿರಲಿಲ್ಲ. ಅಪ್ಪ ಹೋದಾಗಲೂ ಅಳದವಳು ಅವತ್ತು ಅತ್ತೆ. ಅವರು ಕವರ್ ವಾಪಸ್ ಕೊಟ್ಟರು. ಒಂದು ಬಾಳೆಹಣ್ಣು ಸುಲಿದು ಅರ್ಧ ತಿಂದು ಅರ್ಧ ನನಗೆ ಕೊಟ್ಟರು. ಸೈಟಿನ ವಿಷಯ ಆಮೇಲೆ ನಾನೇ ತೀರ್ಮಾನ ಮಾಡಿದೆ. ಅದು ನಿಮಗೆಲ್ಲ ಗೊತ್ತು.

ಸ್ವಲ್ಪ ಹೊತ್ತು ಗುಂಪಿನಲ್ಲಿ ಯಾರೂ ಏನೂ ಬರೆಯಲಿಲ್ಲ.

ಕ್ಯಾತ್ಸಂದ್ರದ ದೊಡ್ಡಮ್ಮ: ನನಗೆ ಗೊತ್ತೇ ಇರಲಿಲ್ಲ ಮಗಳೇ. ಫೋನ್ ಮಾಡ್ತೀನಿ ಇರು.

ಮಧು ಅಣ್ಣ: ಸುಮಾ, ಥ್ಯಾಂಕ್ಸ್. ನೀನು ಹೇಳಿದ್ದು ಓದಿದ ಮೇಲೂ ನನಗೆ ಒಂದು ಅನುಮಾನ ಇದೆ. ಇದರಲ್ಲಿ ಆಧ್ಯಾತ್ಮ ಎಲ್ಲಿ ಬಂತು? ಇದು ಅಪ್ಪನ ನೆನಪು, ದುಃಖ. ಮನಃಶಾಸ್ತ್ರದಲ್ಲೇ ಇದಕ್ಕೆ ಉತ್ತರ ಇದೆ.

ನಾನು: ತಟ್ಟೆಯಲ್ಲಿ ಬಂತು ಅಣ್ಣ. ಅವಳಿಗೆ ದುಃಖ ಹೇಳೋಕೆ ಇದ್ದ ಭಾಷೆ ಅದು. ಆ ಮೇಡಂ "ಇದೆಲ್ಲ ಇಲ್ಲಿ ತರಬೇಡಿ" ಅಂದಿದ್ದರೆ ಅಪ್ಪನೂ ಆ ಕೋಣೆಯೊಳಗೆ ಬರ್ತಿರಲಿಲ್ಲ. ಬರುವವರ ದೇವರು, ಹರಕೆ, ಮಠ, ಕನಸಿನಲ್ಲಿ ಬಂದ ಅಜ್ಜಿ, ಎಲ್ಲಕ್ಕೂ ಅಲ್ಲಿ ಜಾಗ ಇರಬೇಕು. ಥೆರಪಿಸ್ಟ್ ತಮ್ಮ ದೇವರನ್ನು ಅವರ ಮೇಲೆ ಹೇರಬಾರದು, ಅಷ್ಟೇ.

ನಾನು: ಕುಡಿತ ಬಿಟ್ಟವರ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್) ಸಭೆಗಳು ಗೊತ್ತಲ್ಲ? 1935ರಲ್ಲಿ ಅಮೆರಿಕದಲ್ಲಿ ಶುರುವಾದದ್ದು. ಅದರ ಹಿಂದೆಯೂ ಯೂಂಗ್ ಇದ್ದಾರೆ. ಒಬ್ಬ ರೋಗಿಗೆ ಅವರು ನೇರವಾಗಿ ಹೇಳಿದ್ದರು: ಔಷಧಿಯಿಂದ, ನನ್ನಿಂದ ಇನ್ನು ಆಗಲ್ಲ, ಏನಾದರೂ ಆಧ್ಯಾತ್ಮಿಕ ಅನುಭವ ಆದರೆ ಮಾತ್ರ ನೀನು ಉಳೀತೀಯ ಅಂತ. ಸಾಯುವ ವರ್ಷ, 1961ರಲ್ಲಿ, ಎಎ ಕಟ್ಟಿದವರಲ್ಲಿ ಒಬ್ಬರಾದ ಬಿಲ್ ವಿಲ್ಸನ್‌ಗೆ ಬರೆದ ಕಾಗದದಲ್ಲೂ ಅದನ್ನು ನೆನಪು ಮಾಡಿಕೊಂಡರು. ನನ್ನ ಹತ್ತಿರ ಅದು ಇದೆ ಬಾ ಅಂತ ಆ ರೋಗಿಯನ್ನು ಕರೆಯಲಿಲ್ಲ, ನೋಡು.

ದೊಡ್ಡಪ್ಪ: ಯೂಂಗ್ ನಮ್ಮ ದೇಶಕ್ಕೆ ಬಂದಿದ್ದರು ಅಂತ ಓದಿದ ನೆನಪು.

ನಾನು: ಮೈಸೂರಿಗೂ ಬಂದಿದ್ದರು ದೊಡ್ಡಪ್ಪ. 1937ರ ಕೊನೆಯಲ್ಲಿ ಭಾರತಕ್ಕೆ ಬಂದು 38ರ ಶುರುವಿನವರೆಗೂ ಇದ್ದರು. ಮಹಾರಾಜರ ಗುರು ಸುಬ್ರಹ್ಮಣ್ಯ ಅಯ್ಯರ್ ಅವರ ಜೊತೆ ತುಂಬಾ ಮಾತಾಡಿದರು. ಆದರೆ ಸಂತರು, ಮಹಾತ್ಮರು ಅಂತ ಹೆಸರಾದವರನ್ನು ಬೇಕಂತಲೇ ಭೇಟಿ ಮಾಡಲಿಲ್ಲ. ಅವರ ಮೇಲೆ ಅಗೌರವ ಇರಲಿಲ್ಲ. ರಮಣ ಮಹರ್ಷಿಗಳ ಬಗ್ಗೆ ಆಮೇಲೆ ಗೌರವದಿಂದ ಬರೆದಿದ್ದಾರೆ. ಇನ್ನೊಬ್ಬರ ಸತ್ಯವನ್ನು ಕೈಚಾಚಿ ಇಸ್ಕೊಂಡರೆ ಅದು ಕದ್ದ ಹಾಗೆ, ನನ್ನದನ್ನು ನಾನೇ ಕಾಣಬೇಕು ಅಂತ ಅವರ ನಿಲುವು.

ದೊಡ್ಡಪ್ಪ: ಅರಿವೇ ಗುರು ಅಂತ ನಮ್ಮ ಶರಣರು ಹೇಳಿದ್ದೂ ಅದೇ ಅಲ್ವಾ.

ನಾನು: ಹೌದು. ಅದನ್ನೇ ಫಾರ್ವರ್ಡ್ ಮಾಡಿ ದೊಡ್ಡಪ್ಪ.

ದೊಡ್ಡಪ್ಪ: ಹತ್ತು ಜನಕ್ಕೆ ಕಳಿಸಿಬಿಟ್ಟಿದ್ದೀನಿ. ಶರಣಾಗತಿ ಬಗ್ಗೆ ನನ್ನ ಮಾತು ಬದಲಾಗಲ್ಲ, ಅದು ಬೇರೆ. ಆದರೆ ಪ್ರಶ್ನೆ ಮಾಡಬಾರದು ಅನ್ನೋದು ತಪ್ಪು. ಆ ಹತ್ತು ಜನಕ್ಕೂ ಮತ್ತೆ ಬರೀತೀನಿ. ಏನೇನು ಪ್ರಶ್ನೆ ಕೇಳಬೇಕು, ಅದನ್ನಾದರೂ ಹೇಳು.

ನಾನು: ಎಲ್ಲಿ ಓದಿದ್ದೀರಿ ಅಂತ ಕೇಳಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಇದ್ದರೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಇದೆಯಾ ಕೇಳಬೇಕು. ನಾನು ಹೇಳಿದ್ದು ಹೊರಗೆ ಹೋಗಲ್ಲ ತಾನೇ ಅಂತ ಕೇಳಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆ ಆ ಹಕ್ಕು ಕೊಟ್ಟಿದೆ. ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸು ಅಂದರೆ ಎದ್ದು ಬರಬೇಕು. ನನ್ನನ್ನು ಬಿಟ್ಟರೆ ನಿನಗೆ ಗತಿ ಇಲ್ಲ ಅಂದರೂ ಎದ್ದು ಬರಬೇಕು.

ಚಿಕ್ಕಮ್ಮ: ಪಕ್ಕದ ಮನೆ ಹುಡುಗ ಈಗ ಯಾರ ಹತ್ತಿರಾನೂ ಮಾತಾಡಲ್ಲ ಅಂತ ಹಟ ಹಿಡಿದಿದ್ದಾನೆ. ನಂಬಿಕೆನೇ ಹೋಗಿದೆ. ಏನ್ ಮಾಡೋದು?

ನಾನು: ಮೊದಲು ಅವನ ಅಮ್ಮನೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಲಿ ಚಿಕ್ಕಮ್ಮ. 14416. ದುಡ್ಡು ಕೊಡಬೇಕಿಲ್ಲ, ರಾತ್ರಿ ಹಗಲು ಇರ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಹುಡುಗನನ್ನು ಬಲವಂತ ಮಾಡಬೇಡಿ.

ಸುಮಕ್ಕ: ಬೇಕಿದ್ರೆ ನಾನು ಅವನ ಹತ್ತಿರ ಮಾತಾಡ್ತೀನಿ ಚಿಕ್ಕಮ್ಮ. ಸಂಜೆ ಮನೇಲಿ ಇರ್ತಾನಾ ಕೇಳಿ ಹೇಳಿ.