ಅಪ್‌ಡೇಟ್: ಹೆಂಡತಿಯ ಇನ್ಸುಲಿನ್ ಖರ್ಚು, ಪೆನ್ನಿನಿಂದ ವೈಲ್‌ಗೆ

ಇನ್ಸುಲಿನ್ ಪೆನ್ನಿಗೆ ಹಾಕುವ ಔಷಧಿ ಕೊಳವೆಯ (ಕಾರ್ಟ್ರಿಜ್) ಖರ್ಚು ತೂಗಿಸಲಾಗದೆ, ಹೆಂಡತಿಗೆ ಅಗ್ಗದ ದಾರಿ ಯಾವುದೆಂದು ಕೇಳಿದ್ದೆ. ಡಾಕ್ಟರು ಚೀಟಿ ಬದಲಿಸಿಕೊಟ್ಟ ಮೇಲೆ ಜನೌಷಧಿ ಕೇಂದ್ರದ 30/70 (ಬೇಗ ಕೆಲಸ ಮಾಡುವುದು 30%, ನಿಧಾನದ್ದು 70% ಬೆರೆತ) ಇನ್ಸುಲಿನ್ ವೈಲ್, ಅಂದರೆ ಗಾಜಿನ ಪುಟ್ಟ ಬಾಟಲಿ, ತಂದೆವು. 10 ಮಿಲೀ, ಮಿಲೀಗೆ 40 ಯೂನಿಟ್, ಒಟ್ಟು 400. ದಿನಕ್ಕೆ 30 ಯೂನಿಟ್ ಅಂದರೆ 13 ದಿನ ಬರುತ್ತದೆ.

ಸಿರಿಂಜ್ ವಿಷಯದಲ್ಲಿ ಮಾತ್ರ ದಯವಿಟ್ಟು ಮೈಮರೆಯಬೇಡಿ. ಈ ವೈಲ್‌ಗೆ ಕೆಂಪು ಮುಚ್ಚಳದ ಯು-40 (ಮಿಲೀಗೆ 40 ಯೂನಿಟ್ ಲೆಕ್ಕದ ಗೆರೆಗಳಿರುವ) ಸಿರಿಂಜೇ ಬೇಕು. ಕಿತ್ತಳೆ ಮುಚ್ಚಳದ ಯು-100 (ಮಿಲೀಗೆ 100ರ ಲೆಕ್ಕದ್ದು) ಬಂದುಬಿಟ್ಟರೆ, 20ರ ಗೆರೆವರೆಗೆ ಎಳೆದರೂ ಒಳಗೆ ಹೋಗುವುದು ಬರೀ 8 ಯೂನಿಟ್. ಶುಗರ್ ಏರುತ್ತದೆ, ಅಗ್ಗದ ಔಷಧಿಯೇ ಸರಿಯಿಲ್ಲ ಅನಿಸುತ್ತದೆ. ಮನೆಯಲ್ಲಿ ಉಳಿದ ಕಾರ್ಟ್ರಿಜ್‌ನಲ್ಲಿ ಮಿಲೀಗೆ 100 ಯೂನಿಟ್ ಇರುತ್ತದೆ; ಅದನ್ನು ಯು-40 ಸಿರಿಂಜ್‌ನಲ್ಲಿ ಎಳೆದರೆ ಎರಡೂವರೆ ಪಟ್ಟು ಹೆಚ್ಚಾಗುತ್ತದೆ, ಪ್ರಾಣಕ್ಕೇ ಅಪಾಯ.

ವೈಲನ್ನು ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಿ, ತಳದ ಬಿಳಿ ಪುಡಿ ಸಮನಾಗಿ ಬೆರೆತು ಹಾಲಿನಂತಾಗಲಿ, ಕುಲುಕಬೇಡಿ. ಶುಗರ್ ಪರೀಕ್ಷೆಯ ಸ್ಟ್ರಿಪ್ ಖರ್ಚು ಇನ್ನೂ ಬಗೆಹರಿದಿಲ್ಲ.