ಪೆನ್ಸಿಲ್ವೇನಿಯಾ ಜಿಂಕೆ ಬೇಟೆ: ‘ಮೂರು ಪಾಯಿಂಟ್’ ಎಣಿಸುವುದು ಹೇಗೆ?

ಪ್ರಶ್ನೆ: ನಾವಿರುವುದು ಪಿಟ್ಸ್‌ಬರ್ಗ್. ಹಂಟರ್ ಎಜುಕೇಶನ್ ಕೋರ್ಸ್ ಮುಗಿದು ಲೈಸೆನ್ಸೂ ಬಂತು. ಗಂಡು ಜಿಂಕೆಗೆ ‘ಮೂರು ಪಾಯಿಂಟ್’ ಬೇಕು ಅಂತ ಕೆಲವರು, ‘ತ್ರೀ ಅಪ್’ ಅಂತ ಇನ್ನು ಕೆಲವರು. ಎರಡೂ ಒಂದೇನಾ? ಎರಡೂ ಕೊಂಬಿನದು ಕೂಡಿಸಬೇಕಾ?

ಉತ್ತರ: ಒಂದೇ ಅಲ್ಲ ಸರ್. ಕೂಡಿಸುವ ಹಾಗೂ ಇಲ್ಲ. ಯಾವುದಾದರೂ ಒಂದು ಕೊಂಬಿನಲ್ಲೇ ಮೂರು ಇರಬೇಕು. ಕವಲು ಬುಡದಿಂದ ತುದಿಗೆ ಕನಿಷ್ಠ 1 ಇಂಚು ಉದ್ದವಿದ್ದರೆ ಮಾತ್ರ ಅದು ಪಾಯಿಂಟ್. ಮುಖ್ಯ ಕೊಂಬಿನ ತುದಿ ಮಾತ್ರ ಎಷ್ಟೇ ಗಿಡ್ಡವಿದ್ದರೂ ಲೆಕ್ಕಕ್ಕುಂಟು. ಹೊಸಬರು ಮರೆಯುವುದೇ ಇದನ್ನು.

ವ್ಯತ್ಯಾಸ ಬರುವುದು ಬ್ರೋ ಟೈನ್‌ನಲ್ಲಿ. ಅಂದರೆ ಕೊಂಬಿನ ಬುಡದ ಗಂಟಿನಿಂದ ಮೇಲೆ, ಕೆಳಗಿನ ಅರ್ಧದಲ್ಲಿ ಮೊದಲು ಮೂಡುವ ಕವಲು. ರಾಜ್ಯದ ಹೆಚ್ಚಿನ ಭಾಗದಲ್ಲಿ ಅದನ್ನೂ ಎಣಿಸಬಹುದು. 1ಎ, 1ಬಿ, 2ಎ, 2ಬಿ, 2ಡಿ ಘಟಕಗಳಲ್ಲಿ (ಬೇಟೆಗಾಗಿ ರಾಜ್ಯವನ್ನು ಹಂಚಿರುವ ವಲಯಗಳು) ಅದನ್ನು ಬಿಟ್ಟು ಮೂರು ಬೇಕು, ಅದೇ ‘ತ್ರೀ ಅಪ್’. ಪಿಟ್ಸ್‌ಬರ್ಗ್ ಸುತ್ತಮುತ್ತ 2ಬಿ, ಹಾಗಾಗಿ ನಿಮಗೆ ‘ತ್ರೀ ಅಪ್’.

ಒಂದು ಕೊಂಬಿನಲ್ಲಿ ಬ್ರೋ ಟೈನ್, ಮೇಲೊಂದು ಕವಲು, ಕೊಂಬಿನ ತುದಿ ಇದೆ ಅಂದುಕೊಳ್ಳಿ, ಇನ್ನೊಂದೂ ಹಾಗೇ. ಊರವರು ಇದನ್ನೇ ‘ಸಿಕ್ಸ್ ಪಾಯಿಂಟರ್’ ಅನ್ನುತ್ತಾರೆ. ಬೇರೆ ಘಟಕಗಳಲ್ಲಿ ಹೊಡೆಯಬಹುದು, ನಿಮ್ಮಲ್ಲಿ ಹೊಡೆದರೆ ಅಪರಾಧ. ಬ್ರೋ ಟೈನೇ ಇಲ್ಲದೆ ಮೇಲೆ ಎರಡು ಕವಲು ಮತ್ತು ತುದಿ ಇದ್ದರೆ ಎಲ್ಲ ಕಡೆಯೂ ಸರಿ.

ಮತ್ತೊಬ್ಬರ ಉತ್ತರ: ಪಕ್ಕದಿಂದ ನೋಡಿದರೆ ಎರಡು ಕೊಂಬಿನ ಕವಲುಗಳು ಒಂದರ ಮೇಲೊಂದು ಬಿದ್ದು ನಾಲ್ಕೈದು ಕಾಣುತ್ತವೆ. ಎದುರಿನಿಂದ ನೋಡಿದರೆ ಮುಂದಕ್ಕೆ ಚಾಚಿದ ತುದಿ ಕಾಣುವುದಿಲ್ಲ. ತಲೆ ತಿರುಗಿಸುವ ತನಕ ಕಾದು ಎರಡೂ ಕೋನ ನೋಡಿ. ಎಣಿಸುವುದು ಬೈನಾಕ್ಯುಲರ್‌ನಲ್ಲಿ, ಬಂದೂಕಿನ ಮೇಲಿನ ಸ್ಕೋಪ್‌ನಲ್ಲಿ ಎಣಿಸಲು ಹೋದರೆ ಬಂದೂಕು ಗುರಿಗೆ ನಿಂತುಬಿಡುತ್ತದೆ. ಅನುಮಾನವಿದ್ದರೆ ಬಿಟ್ಟುಬಿಡಿ. 2002ರಲ್ಲಿ ಈ ನಿಯಮ ತಂದದ್ದೇ ಒಂದೂವರೆ ವರ್ಷದ ಎಳೆಯ ಗಂಡುಗಳು ಬದುಕಿ ಬೆಳೆಯಲಿ ಅಂತ.

ಪ್ರಶ್ನೆ: ಮಗನಿಗೆ 14, ಜೂನಿಯರ್ ಲೈಸೆನ್ಸ್. ಅವನಿಗೂ ಇದೇನಾ?

ಉತ್ತರ: ಇಲ್ಲ. ಒಂದು ಕೊಂಬಿನಲ್ಲಿ ಎರಡು ಪಾಯಿಂಟ್, ಅಥವಾ ಕವಲಿಲ್ಲದ 3 ಇಂಚಿನ ಕೊಂಬು ಸಾಕು. ಕಿವಿಯ ಅರ್ಧ ಉದ್ದ ಅಂತ ಅಂದಾಜಿಸಿ. ಆದರೆ ಅವನಿಗೆ ಮಾತ್ರ ಸಲ್ಲುವ ಜಿಂಕೆಯನ್ನು ನೀವು ಹೊಡೆಯುವಂತಿಲ್ಲ. ಎರಡೂ ಕೊಂಬು 3 ಇಂಚಿಗಿಂತ ಚಿಕ್ಕದಿದ್ದರೆ ಅದು ‘ಆಂಟ್ಲರ್‌ಲೆಸ್’ (ಕೊಂಬಿಲ್ಲದ ಜಿಂಕೆ) ಲೆಕ್ಕ. ಅದಕ್ಕೆ ಘಟಕವಾರು ಬೇರೆ ಲೈಸೆನ್ಸ್.

ಪ್ರಶ್ನೆ: ಹೊಡೆದ ಮೇಲೆ?

ಉತ್ತರ: ಜಾಗದಿಂದ ಕದಲಿಸುವ ಮೊದಲೇ ಟ್ಯಾಗ್ (ಬೇಟೆಯ ವಿವರ ಬರೆಯುವ ಚೀಟಿ) ತುಂಬಿ ಕಿವಿಗೆ ಕಟ್ಟಿ. ಗಂಡಾಗಲಿ ಹೆಣ್ಣಾಗಲಿ, 10 ದಿನದೊಳಗೆ ಗೇಮ್ ಕಮಿಷನ್‌ಗೆ (ರಾಜ್ಯದ ಬೇಟೆ ನಿಯಂತ್ರಣ ಸಂಸ್ಥೆ) ವರದಿ. ಎಣಿಕೆ ತಪ್ಪಿತೆಂದು ಗೊತ್ತಾದರೆ ಕಾಡಲ್ಲೇ ಬಿಟ್ಟು ಬರಬೇಡಿ, ಕೂಡಲೇ ಗೇಮ್ ವಾರ್ಡನ್‌ಗೆ ಫೋನ್ ಮಾಡಿ. ತಾನಾಗಿ ಒಪ್ಪಿಕೊಂಡವರಿಗೂ ಸಿಕ್ಕಿಬಿದ್ದವರಿಗೂ ಅಲ್ಲಿನ ಕಾನೂನು ಬೇರೆ ಬೇರೆ.