ಬೂಟಿನ ಪಂಚಾಯ್ತಿ

"ಬ್ರೇಕ್ ಒತ್ತಿದ್ರ ಎಕ್ಸಿಲೇಟರೂ ಒತ್ತತೈತಿ ಅಂದ್ರ ತಪ್ಪು ಕಾರಿಂದೋ, ಕಾಲಿಂದೋ?"

ಉಣಕಲ್ ಕೆರಿ ದಂಡಿಗೆ ಗಿರ್ಮಿಟ್ ತಿನಕೋತ ಗುರ್‍ಯಾ ಈ ಪ್ರಶ್ನೆ ಒಗದ. ಕಾರು ಹೊಸಾದು, ಸಾಲ ಅದಕ್ಕಿಂತ ಹೊಸಾದು. ಹಿಂಗಾಗಿ ಕಾರಿಂದ ತಪ್ಪು ಅಂತ ಒಪ್ಪಾಕ ಅವಗ ಮನಸಿಲ್ಲ. ಕಾಲು ಹುಟ್ಟಿದಾಗಿಂದ ಕೂಡ ಬಂದದ್ದು, ಅದರ ಮ್ಯಾಲೂ ಹಾಕುವಂಗಿಲ್ಲ.

"ಎರಡರ ನಡಬರಕ ಏನೈತಿ ಅದನ್ನ ನೋಡಲೇ ಮೊದ್ಲ" ಅಂದ್ರು ಬಸಣ್ಣ ಮಾಮಾ. ಮಾಮಾ ಅರ್ಧ ಆಯುಷ್ಯ ಅಂಬಾಸಿಡರ್ ಟ್ಯಾಕ್ಸಿ ಹೊಡದೋರು. ಗಾಡಿ ವಿಷಯದಾಗ ಅವರ ಮಾತಿಗೆ ನಮ್ಮ ಕಟ್ಟಿಮ್ಯಾಲೆ ಅಪೀಲಿಲ್ಲ.

ನಡಬರಕ ಇದ್ದದ್ದು ಬೂಟು. ಗಿಳಿ ಹಸರು ಬಣ್ಣ, ಎರಡು ಬೊಟ್ಟು ದಪ್ಪ ಸೋಲು. ಹಿಮ್ಮಡದ ಕಡೆ ಎರಡೂ ಬದಿ ಸೋಲು ಹೊರಗ ಚಾಚಿಕೊಂಡಿತ್ತು. ಮ್ಯಾರಥಾನ್ ಓಡೋರು ಹಾಕ್ಕೊಳ್ಳೂ ಬೂಟಂತ. ಗುರ್‍ಯಾ ಓಡೂದನ್ನ ನಾ ಕಂಡದ್ದು ಮದುವಿ ಮನ್ಯಾಗ, ಎರಡನೇ ಪಂಕ್ತಿಗೆ ಎಲಿ ಹಾಕಿದಾಗ.

"ಭಾಳ ಮೆತ್ತಗ ಅದಾವ ಮಾಮಾ. ಕಾಲಾಗ ಅದಾವ ಅನ್ನೂದ ಗೊತ್ತಾಗೂದಿಲ್ಲ."

"ಅದ ರೋಗ! ಓಡೂ ಮುಂದ ನೆಲಕ್ಕ ಹಿಮ್ಮಡ ಬಡದ ಪೆಟ್ಟು ಮೊಣಕಾಲಿಗೆ ಹತ್ತಬಾರದಂತ ಅಷ್ಟು ದಪ್ಪ ಫೋಮ್ ಹಾಕಿರ್ತಾರ. ಪೆಟ್ಟು ನುಂಗೂ ಸೋಲು ಪೆಡಲಿನ ಸುದ್ದೀನೂ ನುಂಗತೈತಿ. ಕ್ಲಚ್ ಎಲ್ಲಿ ಹಿಡೀತು, ಬ್ರೇಕ್ ಎಷ್ಟು ಒಳಗ ಹೋತು, ಒಂದೂ ನಿನ್ನ ಕಾಲಿಗೆ ತಿಳಿಯಂಗಿಲ್ಲ. ಗಾದಿ ಮ್ಯಾಲಿಂದ ನಾಡಿ ಹಿಡದಂಗ."

ಇಷ್ಟಕ್ಕ ಬಿಡೋ ಮನಶಾ ಅಲ್ಲ ಮಾಮಾ. ಬಾಕಿನ ಮ್ಯಾಲೆ ಎರಡು ಚಮಚಾ ಬಾಜೂಕ್ ಬಾಜೂಕ ಇಟ್ರು: ಎಡಗಡೆದು ಬ್ರೇಕು, ಬಲಗಡೆದು ಎಕ್ಸಿಲೇಟರು. ಪ್ಲೇಟಿನ್ಯಾಗ ಉಳದಿದ್ದ ಮಿರ್ಚಿ ಕಾಲಾತು. "ಇಕಾ, ತೊಟ್ಟಿನ ಕಡೆ ಹಿಮ್ಮಡ. ಅದು ಬ್ರೇಕಿನ ಎದುರಿಗೆ ನೆಲಾ ಹಿಡಕೊಂಡು ಕೂಡಬೇಕು. ಮುಂಗಾಲು ಅಷ್ಟ ಬಲಕ್ಕ ಹೊಳ್ಳಿದ್ರ ಎಕ್ಸಿಲೇಟರ್, ಎಡಕ್ಕ ಬಂದ್ರ ಬ್ರೇಕು. ಹಗಲೆಲ್ಲಾ ಇಡೀ ಕಾಲು ಎತ್ತಿ ಎತ್ತಿ ಇಡಾಕ ನೀ ಏನ್ ಭತ್ತಾ ಕುಟ್ಟಾಕತ್ತಿಲ್ಲ." ಆಮ್ಯಾಲೆ ಅಂಗಡಿಯವನ ಕಡಿಂದ ಹಿಟ್ಟು ಹೆಚ್ಚಾಗಿದ್ದ ಇನ್ನೊಂದು ದಪ್ಪ ಮಿರ್ಚಿ ತರಿಸಿ ಚಮಚಾದ ಮ್ಯಾಲೆ ಇಟ್ರು. ಅದು ಎರಡೂ ಚಮಚಾ ಮುಟ್ಟಿ ಕೂತಿತು. "ಇದು ನಿನ್ನ ಬೂಟು."

ಪುರಾವೆ ಆಮ್ಯಾಲೆ ಮಾಮಾನ ಹೊಟ್ಟಿಗೆ ಹೋತು.

ಇಷ್ಟೊತ್ತು ಮೊಬೈಲಿನ್ಯಾಗ ಮುಳುಗಿದ್ದ ಮಾಂತ್ಯಾ ತಲಿ ಎತ್ತಿದ. ಮಾಂತ್ಯಾ ತಲಿ ಎತ್ತಿದ್ರ ನಾವೆಲ್ಲಾ ಇಟಲಿಗೋ ಜಪಾನಿಗೋ ಹೋಗಿ ಬರೂದು ಖಾತ್ರಿ. "ಕಾರು ಹೊಡ್ಯಾಕಂತನ ಇಟಲಿಯೊಳಗ ಬ್ಯಾರೆ ಬೂಟು ಅದಾವ್ರಿ. 1963ರಾಗ ಜಾನ್ನಿ ಮೋಸ್ಟಿಲೆ ಅನ್ನಾಂವ ಮೆತ್ತನ್ನ ಚರ್ಮದ ಬೂಟಿನ ತಳಕ್ಕ ಸಣ್ಣ ಸಣ್ಣ ರಬ್ಬರ್ ಗುಂಡಿ ಕೂಡಿಸಿ ಪೇಟೆಂಟ್ ತಗೊಂಡ. ಕಂಪನಿ ಹೆಸರು ಕಾರ್ ಶೂ. ಮುಂದ ಟಾಡ್ಸ್ ಅನ್ನೋ ಇನ್ನೊಂದು ಕಂಪನಿ ಗೊಮ್ಮಿನೋ ಅಂತ ಹಂಥಾದ್ದ ತಂತು. ಅದರ ತಳದಾಗ 133 ಗುಂಡಿ."

"ಕುಂತು ಎಣಿಸ್ಯಾರ?" ಮಾಮಾಗ ಗುಂಡಿಗಿಂತ ಎಣಿಸಿದವರ ಪುರಸೊತ್ತು ದೊಡ್ಡದಾಗಿ ಕಂಡಿತು.

"ರೇಟೆಷ್ಟಂತ?"

"ಐದಂಕಿ ರೀ, ಒಂದು ಜೋಡಿಗೆ."

ಗುಂಡಿಗೊಂದು ಪ್ಲೇಟ್ ಗಿರ್ಮಿಟ್ ತಿಂದ್ರೂ ಇನ್ನಾ ರೊಕ್ಕ ಉಳೀತಾವ ಅಂತ ನಾ ಲೆಕ್ಕಾ ಹಾಕಿದೆ. ಆದ್ರ ಆ ಗುಂಡಿ ಬರೇ ಶೋಕಿಗೆ ಇಟ್ಟದ್ದಲ್ಲ. ತೆಳ್ಳನ್ನ ಸೋಲಿನ್ಯಾಗ ಪೆಡಲ್ ಕಾಲಿಗೆ ತಿಳೀತೈತಿ, ರಬ್ಬರ್ ಜಾರೂದಿಲ್ಲ. ನೆಲಕ್ಕ ತಿಕ್ಕಿ ಸವಿಯೂದು ಹಿಮ್ಮಡದ ಹಿಂಬದಿ ಅಂತ ಅಲ್ಲೀಮಟಾ ಗುಂಡಿ ಏರಿಸ್ಯಾರ. ಆ ಮನಶಾ ಕಾರು ಹೊಡದು ನೋಡೇ ಬೂಟು ಹೊಲದಾನ ಅನಸ್ತೈತಿ.

"ಮಜಾ ಕೇಳ್ರಿ ಇನ್ನ" ಅಂದ ಮಾಂತ್ಯಾ. "ಆ ಕಾರ್ ಶೂ ಈಗ ಪ್ರಾಡಾ ಅನ್ನೋ ಇಟಲಿಯ ದೊಡ್ಡ ಫ್ಯಾಷನ್ ಕಂಪನಿಯವರ ಕೈಯಾಗ ಐತಿ. ಅದ ಪ್ರಾಡಾ 2025ರ ಜೂನಿನ್ಯಾಗ ಮಿಲಾನ್ ಶೋದಾಗ ಥೇಟ್ ನಮ್ಮ ಕೊಲ್ಲಾಪುರಿ ಚಪ್ಲಿ ತೋರಿಸ್ತು. ಮೊದ್ಲ ಎಲ್ಲಿದು ಅಂತ ಬಾಯಿ ಬಿಡಲಿಲ್ಲ. ಗದ್ದಲ ಆದಮ್ಯಾಲೆ ಹೌದು, ಭಾರತದ್ದ ನೋಡಿ ಮಾಡಿದ್ದು ಅಂತ ಒಪ್ಪಿಕೊಂತು."

"ನಮ್ಮ ಅಂತೀಯಲ್ಲ, ಅದು ಕೊಲ್ಲಾಪುರದ್ದಲ್ಲೇನೋ?"

"2019ರಾಗ ಜಿಐ, ಅಂದ್ರ ಈ ಮಾಲು ಇಂಥಾ ಸೀಮಿದ್ದು ಅನ್ನೋ ಸರಕಾರಿ ಗುರುತು, ಸಿಕ್ಕಾಗ ಎಂಟು ಜಿಲ್ಲಾ ಸೇರಿಸ್ಯಾರ್ರಿ. ನಾಕು ಮಹಾರಾಷ್ಟ್ರದ್ದು, ನಾಕು ನಮ್ಮವು: ಬೆಳಗಾವಿ, ಬಾಗಲಕೋಟಿ, ವಿಜಾಪುರ, ಧಾರವಾಡ."

ಧಾರವಾಡ ಅಂದದ್ದ ತಡ, ಮಾಮಾ ಎದಿ ಉಬ್ಬಿಸಿ ತಮ್ಮ ಕೊಲ್ಲಾಪುರಿ ಕಾಲು ಮುಂದ ಚಾಚಿದ್ರು. "ಮತ್ಯಾಕ ಐದಂಕಿ ರೊಕ್ಕ? ಇದನ್ನ ಹಾಕ್ಕೊಂಡು ಹೊಡೀರಿ!"

ಇಲ್ಲೀತನಕ ಸುಮ್ನ ಕೂತಿದ್ಲು ಶೋಭಕ್ಕ. ನವನಗರದಾಗ ಬ್ಯಾಂಕಿನ್ಯಾಗ ಕೆಲಸ, ದಿನಾ ಧಾರವಾಡದಿಂದ ತಾನ ಕಾರು ಹೊಡಕೊಂಡು ಬರ್ತಾಳ. "ಮಾಮಾ, ಅಪೀಲಿಲ್ಲ ಅನಬ್ಯಾಡ್ರಿ. ಹೊಸಾ ಕೊಲ್ಲಾಪುರಿ ತಳಾ ಚರ್ಮದ್ದು, ಪೆಡಲ್ ಮ್ಯಾಲೆ ಜಾರತೈತಿ. ಹಿಂದ ಪಟ್ಟಿ ಇಲ್ಲ, ಹಿಮ್ಮಡ ಎತ್ತಿದ್ರ ಚಪ್ಲಿ ಕೆಳಗ ಉಳೀತೈತಿ. ಉಳದದ್ದು ಸುಮ್ನ ಇರೂದಿಲ್ಲ, ಬ್ರೇಕಿನ ಅಡಿಗೆ ಹೋಗಿ ಮಕ್ಕೋತೈತಿ. ಹವಾಯಿ ಚಪ್ಲಿದೂ ಅದ ಕತಿ. ಹೊಸಾ ಆಫೀಸ್ ಬೂಟು ಚರ್ಮದ ಸೋಲಿಂದಾದ್ರ ಅದೂ ಜಾರೂ ಪೈಕಿನ."

"ಚಪ್ಲಿ ಹಾಕ್ಕೊಂಡು ಹೊಡದ್ರ ಪೊಲೀಸರು ಫೈನ್ ಹಾಕ್ತಾರಂತ ಹೌದಿಲ್ಲ?" ಗುರ್‍ಯಾಗ ಬೂಟಿನ ಮ್ಯಾಲೆ ಹಾಕಿದ ರೊಕ್ಕಕ್ಕ ಒಂದಾದ್ರೂ ಸಮರ್ಥನೆ ಬೇಕಾಗಿತ್ತು.

ಅದೂ ಸಿಗಲಿಲ್ಲ. ಹೊಸಾ ಮೋಟಾರ್ ಕಾಯ್ದೆ ಬಂದ 2019ರ ಸೆಪ್ಟೆಂಬರಿನ್ಯಾಗ ಇಂಥಾ ಗಾಳಿಸುದ್ದಿ ಭಾಳ ಹಬ್ಬಿದ್ವು. ಕಡೀಕ ಗಡ್ಕರಿಯವರ ಕಚೇರಿಯಿಂದನ ಹೇಳಿಕಿ ಬಂತು: ಚಪ್ಲಿಗೆ ದಂಡ ಇಲ್ಲ, ಅರ್ಧ ತೋಳಿನ ಅಂಗಿಗೆ ಇಲ್ಲ, ಲುಂಗಿ ಬನೀನಿಗೂ ಇಲ್ಲ. ಲುಂಗಿ ಬನೀನ್ ಮ್ಯಾಲೆ ಕಾರು ಹೊಡ್ಯಾಕ ಕೇಂದ್ರ ಮಂತ್ರಿ ಕಚೇರಿಯಿಂದ ಅಭಯ ಸಿಕ್ಕದ್ದಕ್ಕ ನಮ್ಮ ಮಾಮಾ ಅವತ್ತ ಪೇಡೆ ಹಂಚಿದ್ದು ಇನ್ನಾ ನೆನಪೈತಿ.

"ಫೈನ್ ಇಲ್ಲಂದ್ರ ಬ್ರೇಕ್ ಹತ್ತತೈತಿ ಅಂತೇನಿಲ್ಲ" ಅಂದ್ಲು ಶೋಭಕ್ಕ. "ತಾಸಿಗೆ 60 ಕಿಲೋಮೀಟರ್ ಸ್ಪೀಡಿನ್ಯಾಗ ಇದ್ರ ಕಾರು ಒಂದು ಸೆಕೆಂಡಿಗೆ ಹದಿನಾರು ಹದಿನೇಳು ಮೀಟರ್ ಹೋಗಿರ್ತೈತಿ. ಚಪ್ಲಿ ಹುಡಕಾಕ ಅರ್ಧ ಸೆಕೆಂಡ್ ಹೋತು ಅಂದ್ರ ಎಂಟು ಮೀಟರ್ ಬ್ರೇಕಿಲ್ಲದ ಹೋದಂಗಾತು."

ಎಂಟು ಮೀಟರ್ ಅಂದ್ರ ನಮ್ಮ ಊರಿನ ರಸ್ತೆದಾಗ ಎರಡು ಆಟೋ ಮತ್ತ ಒಂದು ಎಮ್ಮಿ.

"ಎಲ್ಲಾ ಬಿಡ್ರಿ, ಬರಿಗಾಲು" ಅಂದ್ರು ಮಾಮಾ ಸೋಲೊಪ್ಪದ. "ಪೆಡಲಿನ ಸುದ್ದಿ ಬರಿಗಾಲಿಗೆ ತಿಳದಂಗ ಯಾವ ಬೂಟಿಗೂ ತಿಳಿಯೂದಿಲ್ಲ. ಅದಕ್ಕೂ ಫೈನ್ ಇಲ್ಲ."

ಅರ್ಧ ಖರೆ. ಆದ್ರ ಏಪ್ರಿಲ್ಲಿನ್ಯಾಗ ಬಿಸಲಾಗ ನಿಲ್ಲಿಸಿದ ಕಾರಿನ ಪೆಡಲ್ ಮ್ಯಾಲೆ ಬರಿಗಾಲು ಇಟ್ಟು ನೋಡ್ರಿ. ಕಾಲು ಹಸಿ ಇದ್ರ ಜಾರತೈತಿ, ಬೆವತ್ರೂ ಜಾರತೈತಿ. ಮೈಭಾರ ಹಾಕಿ ಒತ್ತೂ ಹೊತ್ತಿನ್ಯಾಗ ಸಣ್ಣ ಪೆಡಲಿನ ಅಂಚು ಅಂಗಾಲಿಗೆ ನಟ್ಟು ಕಾಲು ಹಿಂದಕ್ಕ ಸರೀತೈತಿ. ಹುಬ್ಬಳ್ಳಿ ಧಾರವಾಡದ ನಡುವಿನ ಇಪ್ಪತ್ತು ಕಿಲೋಮೀಟರ್ ಚಿಗರಿ ಬಸ್ಸು ತನ್ನ ಲೇನಿನ್ಯಾಗ ಸುಂಯ್ ಅಂತ ಹೋಗಿಬಿಡ್ತೈತಿ. ಬಾಜೂಕ ನಾವು ಸಿಗ್ನಲ್ಲಿಗೊಮ್ಮೆ ಕ್ಲಚ್ ತುಳಕೋತ ಕುಂಡ್ರತೀವಿ. ಹಿಂಗ ತುಳದ ಎಡ ಅಂಗಾಲು ಸಂಜಿಗೆ ಏನನ್ನತೈತಿ ಅಂತ ಆಟೋಮ್ಯಾಟಿಕ್ ಗಾಡಿಯವರನ್ನ ಕೇಳಬ್ಯಾಡ್ರಿ. ಅವರ ಎಡಗಾಲಿಗೆ ಕಾಯಂ ಸೂಟಿ.

ಮಳಿಗಾಲದ ಸುದ್ದಿ ಬ್ಯಾರೇನ ಐತಿ. ನವಲಗುಂದ ಕಡೆ ಎರಿ ಹೊಲಕ್ಕ ಇಳದು ಬಂದ್ರ ಎಂಥಾ ತೆಳ್ಳನ್ನ ಬೂಟಿಗೂ ಭೂಮಿತಾಯಿನ ಎರಡು ಇಂಚು ಸೋಲು ಹಚ್ಚಿ ಕಳಸ್ತಾಳ. ಅದರ ಮುಂದ ಗುರ್‍ಯಾನ ಮ್ಯಾರಥಾನ್ ಬೂಟು ಏನೂ ಅಲ್ಲ. ಕಡ್ಡಿಲೇ ಕೆರದು, ಅರಿವಿಲೇ ಒರಸಿ, ಆಮ್ಯಾಲೆ ಗಾಡಿ ಹತ್ತಬೇಕು. ರಾಡಿ ಆಗ್ತೈತಂತ ಮ್ಯಾಟಿನ ಮ್ಯಾಲೊಂದು ಮ್ಯಾಟು, ಅದರ ಮ್ಯಾಲೊಂದು ಗೋಣಿಚೀಲ ಹಾಸೋ ಶಾಣ್ಯಾರೂ ಅದಾರ. ಅದು ಸರದು ಎಕ್ಸಿಲೇಟರಿನ ಅಡಿಗೆ ಸಿಕ್ಕೊಂತಂದ್ರ ಬೂಟು ಯಾವುದಿದ್ರೇನು?

"ಅಕ್ಕಾ, ನೀವ ಹೀಲ್ಸ್ ಹಾಕ್ಕೊಂಡೀರಿ!" ಗುರ್‍ಯಾಗ ಕಡೀಕೊಂದು ಸಂದು ಸಿಕ್ಕಿತು.

"ಬ್ಯಾಂಕಿನ್ಯಾಗ ಹಾಕ್ಕೋತೀನಿ, ಕಾರಾಗಲ್ಲ. ಹೀಲ್ಸಿನ್ಯಾಗ ಹಿಮ್ಮಡ ಗಾಳ್ಯಾಗ, ತಿರಗೂದು ಯಾವುದರ ಮ್ಯಾಲೆ? ಗಾಡ್ಯಾಗ ಒಂದು ಜೋಡಿ ಚಪ್ಪಟ್ಟಿ ಬೂಟು ಇಟ್ಟೀನಿ. ಅದನ್ನೂ ನನ್ನ ಸೀಟಿನ ಕೆಳಗ ಇಡಂಗಿಲ್ಲ, ಬ್ರೇಕ್ ಹೊಡದಾಗ ಉಳ್ಳಿ ಪೆಡಲಿನ ಅಡಿಗೆ ಬರತೈತಿ. ಬಾಜೂ ಸೀಟಿನ ಕಡೆ ಇಡ್ತೀನಿ. ನೀರಿನ ಬಾಟ್ಲಿಗೂ ಅದ ಕಾನೂನು."

ಮಾಮಾ ಏನೂ ಅನಲಿಲ್ಲ. ಅಪೀಲು ಮಂಜೂರಾತು.

ಹೊತ್ತು ಮುಳಗಿತ್ತು. ಬೂಟು ಕೊಳ್ಳಾಕ ಸಂಜಿನ ಚಲೋ, ದಿನದ ತಿರುಗಾಟಕ್ಕ ಕಾಲು ಚೂರು ಉಬ್ಬಿರ್ತೈತಿ, ಅವತ್ತ ಸರಿಯಾದದ್ದು ಮುಂದ ಕಚ್ಚೂದಿಲ್ಲ ಅಂತ ಶೋಭಕ್ಕ ಅಂದದ್ದಕ್ಕ ನಾಕೂ ಮಂದಿ ಗುರ್‍ಯಾನ ಕೂಡ ಕೊಪ್ಪಿಕರ್ ರೋಡಿಗೆ ಹೊಂಟ್ವಿ. ಕಾರು ಮಾಮಾ ಹೊಡದ್ರು. ಹಸರು ಬೂಟು ಡಿಕ್ಕ್ಯಾಗ.

ಅಂಗಡ್ಯಾಗ ಗುರ್‍ಯಾ ಸ್ಟೂಲ್ ಮ್ಯಾಲೆ ಕುಂತು ಒಂದೊಂದ ಬೂಟು ಹಾಕ್ಕೊಂಡು, ಹಿಮ್ಮಡ ನೆಲಕ್ಕ ಊರಿ, ಇಲ್ಲದ ಕ್ಲಚ್ ಒತ್ತಿ, ಇಲ್ಲದ ಗೇರ್ ಹಾಕಿ ನೋಡಾಕ ಹತ್ತಿದ. ಬಾಯಿಲೇ ಎಂಜಿನ್ ಸಪ್ಪಳಾನೂ ಸುರು ಆಗಿತ್ತು. ಕೆಲಸದ ಹುಡುಗ ನೀರು ತಂದುಕೊಟ್ಟು "ಕಾಲು ಹಿಡಕೊಂಡಾವೇನ್ರಿ?" ಅಂದ.

ಮಾಲಕ ಶಾಣ್ಯಾ ಇದ್ದ. "ಏನು ಬೇಕು ಬಾಯಿಬಿಟ್ಟು ಹೇಳ್ರಿ ಸರ."

ಶೋಭಕ್ಕ ಹೇಳಿದ್ಲು: ತಳ ರಬ್ಬರಿಂದು, ಭಾಳಂದ್ರ ಒಂದು ಸೆಂಟಿಮೀಟರ್ ದಪ್ಪ, ಮಡಿಚಿದ್ರ ಮಡಚಬೇಕು, ಬದಿಗೆ ಚಾಚಿರಬಾರದು, ಹಿಂದ ಹಿಮ್ಮಡ ಹಿಡದಿರಬೇಕು, ಲೇಸ್ ಉದ್ದ ಜೋತಾಡಿ ಪೆಡಲಿಗೆ ಸಿಗಬಾರದು, ದಿನಾ ಹಾಕ್ಕೊಂಡ್ರೂ ಗಾಳಿ ಆಡಬೇಕು.

ಮಾಲಕ ಒಳಗ ಹೋಗಿ ಬಿಳೇ ಕ್ಯಾನ್ವಾಸಿನ ಪೀಟಿ ಬೂಟು ತಂದ. ಲೇಸೂ ಇಲ್ಲ, ವೆಲ್ಕ್ರೋ ಪಟ್ಟಿ. ಗುರ್‍ಯಾ ಹಾಕ್ಕೊಂಡ, ಕ್ಲಚ್ ಒತ್ತಿದ, ಬ್ರೇಕ್ ಒತ್ತಿದ, ಎಂಜಿನ್ ಸಪ್ಪಳ ನಿಲ್ಲಿಸಿದ. ಅವನ ಮಾರಿ ಮ್ಯಾಲೆ ಸುಖಾನೂ ಕಂಡಿತು, ಹಸರು ಬೂಟಿನ ಬಿಲ್ಲೂ ಕಂಡಿತು.

"ರೇಟು?"

"ಮುನ್ನೂರು. ಹುಡುಗ ಎಷ್ಟನೇತ್ತೆ ಅದಾನ್ರಿ ಸರ?"

"ನನಗ ರೀ ಇದು."

ಮಾಲಕ ಒಂದು ಗಳಿಗಿ ಗುರ್‍ಯಾನ ನೆತ್ತಿ ಮ್ಯಾಲಿನ ಬೋಳು ನೋಡಿದ, ಆದ್ರ ಗಿರಾಕಿ ಬಿಡಲಿಲ್ಲ. "ಯಾವ ಸಾಲಿಯಾದ್ರೂ ನಡೀತೈತಿ ಸರ. ಸಾಕ್ಸು, ಟೈ, ಬೆಲ್ಟು ಕೂಡಿ ಸೆಟ್ ತಗೊಂಡ್ರ ಐವತ್ತು ಕಡಿಮಿ ಮಾಡ್ತೀನಿ."

"ಸೆಟ್ ಬ್ಯಾಡ" ಅಂದ್ರು ಹಿಂದಿಂದ ಬಸಣ್ಣ ಮಾಮಾ, ತಮ್ಮ ಕೊಲ್ಲಾಪುರಿ ಬಿಚ್ಚಿಕೋತ. "ಒಂಬತ್ತನೇ ನಂಬರಿಂದು ಇನ್ನೊಂದು ಜೋಡಿ ತಗಿ."